ಚಿಕ್ಕಪ್ಪನ ಜಗುಲಿಯಲ್ಲಿ ಎಲ್ಕ್ ಬಂದೂಕಿನ ವಿಚಾರಣೆ

"ಒಟ್ಟು ಎಷ್ಟು ಬಿತ್ತು ಮಾರಾಯ?" ಎಂದು ಚಿಕ್ಕಪ್ಪ ಕೇಳಿದ್ದು ಅಡಿಕೆ ಸುಲಿಯುವವರೆಲ್ಲ ಊಟಕ್ಕೆ ಎದ್ದು ಹೋದ ಮೇಲೆ. ಮೊಬೈಲಿನಲ್ಲಿ ನನ್ನ ಬಂದೂಕಿನ ಚಿತ್ರ ತೋರಿಸುತ್ತಿದ್ದೆ. 1,740 ಡಾಲರ್ ಎಂದೆ. ಅವರು ಡಾಲರನ್ನು ರೂಪಾಯಿಗೆ ಇಳಿಸಿದರು, ರೂಪಾಯಿಯನ್ನು ರಾಶಿ ಇಡಿ ಅಡಿಕೆಯ ಲೆಕ್ಕಕ್ಕೆ ಇಳಿಸಿದರು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದರು. "ಮೂರು ಕ್ವಿಂಟಲಿನ ಹತ್ತಿರ ಹತ್ತಿರ ಆಯಿತು. ಅದರಲ್ಲಿ ಕೋವಿಗೆ ಎಷ್ಟು, ಒಣ ಜಂಬಕ್ಕೆ ಎಷ್ಟು, ಬಿಡಿಸಿ ಹೇಳು." ಅವರಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಗುಡ್ಡಗಾಡು ರಾಜ್ಯಗಳಲ್ಲಿ ನೆಲೆಸಿದ ನಮ್ಮವರು ಕೆಲವರು ಇದನ್ನೇ ಕೇಳುತ್ತಿರುತ್ತಾರೆ. ಕಡಿಮೆ ದುಡ್ಡಿನಲ್ಲಿ ದೂರಕ್ಕೆ ಹೊಡೆಯಬಲ್ಲ ಎಲ್ಕ್ ಬಂದೂಕು ಸಿಗುತ್ತದೆಯೇ? ಸಿಗುತ್ತದೆ. ಆದರೆ ಅಂಗಡಿಯವನು ಹೇಳುವ ಕ್ರಮದಲ್ಲಿ ಕೊಳ್ಳಬಾರದು.

ನಾನು ತೀರ್ಥಹಳ್ಳಿ ಸೀಮೆಯವನು, ಕೊಲರಾಡೊ ಸೇರಿ 14 ವರ್ಷವಾಯಿತು. ಅಕ್ಟೋಬರಿನಲ್ಲಿ ಅಲ್ಲಿ ಬೇಟೆ, ಡಿಸೆಂಬರಿನಲ್ಲಿ ಇಲ್ಲಿ ಅಡಿಕೆ ಕೊಯ್ಲು, ಹೀಗೆ ರಜೆ ಹೊಂದಿಸಿಕೊಳ್ಳುತ್ತೇನೆ. ಚಿಕ್ಕಪ್ಪನ ಬಳಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ 12 ಬೋರಿನ ಒಂದು ಜೋಡುನಳಿಗೆ ಕೋವಿ ಇದೆ. ಮೊದಲು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದ ಪರವಾನಗಿ 2019ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ಆಗಿದೆ. ಚುನಾವಣೆ ಬಂದಾಗಲೆಲ್ಲ ಆ ಕೋವಿ ಪೊಲೀಸ್ ಠಾಣೆಗೆ ಹೋಗಿ ಕುಳಿತು, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತದೆ. "ನನಗಿಂತ ಹೆಚ್ಚು ಸಲ ಅದೇ ಠಾಣೆಯ ಮೆಟ್ಟಿಲು ಹತ್ತಿದೆ" ಎನ್ನುತ್ತಾರೆ. ಹಂದಿಯನ್ನು ಹೆದರಿಸಲು ಗಾಳಿಯಲ್ಲಿ ಒಂದು ಈಡು ಹಾರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಲ್ಲಿ ಶಿಕಾರಿಯ ಮಾತು ಮುಗಿದ ಕಥೆ. ಅಜ್ಜನ ಕಾಲದ ಹಳು ಸೋವಿನ, ಅಂದರೆ ಪೊದೆ ಬಡಿದು ಪ್ರಾಣಿ ಎಬ್ಬಿಸುವ ಶಿಕಾರಿಯ, ಕಥೆಗಳು ಕಡುಬಿನ ಜೊತೆಗೆ ಬಾಯಿ ಚಪ್ಪರಿಸುವುದಕ್ಕಷ್ಟೇ ಉಳಿದಿವೆ. ಅಲ್ಲಿ ಎಲ್ಕ್ ಬೇಟೆ ಸರ್ಕಾರವೇ ಪರವಾನಗಿ ಎಣಿಸಿ ಕೊಡುವ ವ್ಯವಹಾರ.

ಎಲ್ಕ್ ಎಂದರೆ ಯಾವ ಪ್ರಾಣಿ ಎಂಬುದನ್ನೂ ಜಗುಲಿಯಲ್ಲಿ ವಿವರಿಸಬೇಕಾಯಿತು. ದಕ್ಷಿಣ ಭಾರತದ ಬ್ರಿಟಿಷ್ ಶಿಕಾರಿಗಳು ನಮ್ಮ ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು, ಊಟಿಯ ಎಲ್ಕ್ ಹಿಲ್ ಇಂದಿಗೂ ಆ ಹೆಸರನ್ನು ಹೊತ್ತುಕೊಂಡಿದೆ. ಅಮೆರಿಕದ ಎಲ್ಕ್ ಬೇರೆ. ಕಡವೆಗೆ ದಾಯಾದಿ ಎನ್ನಬಹುದು, ಗಂಡು 300 ಕಿಲೋ ಮೀರುತ್ತದೆ. ಕಡವೆಯಂತೆ ಹಳುವಿನೊಳಗೆ ಅಡಗಿ ನಿಲ್ಲುವುದರ ಜೊತೆಗೆ ಬಯಲಿಗೂ ಹಿಂಡಾಗಿ ಬರುತ್ತದೆ. ತೊಂದರೆ ಶುರುವಾಗುವುದು ಆ ಬಯಲಿನಲ್ಲಿ.

ಮಲೆನಾಡಿನಲ್ಲಿ ಬೆಳೆದ ಕಣ್ಣಿಗೆ ದೂರ ಗೊತ್ತಿಲ್ಲ. ಈ ಮಾತು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ನಮ್ಮ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ. ಹದಿಮೂರು ಮರ ದಾಟಿದರೆ 40 ಗಜ, ಚರೆ ತುಂಬಿದ ತೋಟಾದ ಕೆಲಸವೂ ಅಲ್ಲಿಗೆ ಮುಗಿಯಿತು, ಕಣ್ಣಿನ ಕೆಲಸವೂ ಮುಗಿಯಿತು. ಅದರಾಚೆ ಹಸಿರು ಗೋಡೆ. 400 ಗಜ ಎಂದರೆ 133 ಮರ. "ನಮ್ಮ ತೋಟದ ಉದ್ದವೇ ಅಷ್ಟಿಲ್ಲವಲ್ಲ" ಎಂದು ಚಿಕ್ಕಪ್ಪ ಹೇಳಿದರು. ಹೌದು, ಇಲ್ಲ. ಮೊದಲ ವರ್ಷ ಕೊಲರಾಡೊದ ಗನ್ನಿಸನ್ ಕಡೆಯ ಬೋಳು ಗುಡ್ಡದ ಮೇಲೆ ನಿಂತು, ಎದುರಿನ ಇಳಿಜಾರಿನ ಎಲ್ಕನ್ನು 250 ಗಜ ಎಂದು ಅಂದಾಜು ಮಾಡಿದೆ. ಜೊತೆಗಿದ್ದವನು ಅಳೆದು 430 ಎಂದ. ಆವತ್ತು ನನ್ನ ಅಂದಾಜು ನಂಬಿ ಬಂದೂಕಿನ ಕುದುರೆ ಎಳೆದಿದ್ದರೆ ಗುಂಡು ಎದೆಯ ಕೆಳಗೆ ಹಾದು, ಬಹುಶಃ ಕಾಲನ್ನು ಮುರಿಯುತ್ತಿತ್ತು.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ದೂರ ಅಳೆಯುವ ಲೇಸರ್ ಯಂತ್ರಕ್ಕೆ. 260 ಡಾಲರ್ ಕೊಟ್ಟೆ. ಅಂಗೈಯಲ್ಲಿ ಹಿಡಿಯುವಷ್ಟಿದೆ. ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ 1,000 ಗಜ ಎಂದು ಅಚ್ಚಾಗಿದ್ದರೆ ಅದು ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಎಸೆಯುವ ಫಲಕದ ಲೆಕ್ಕ, ಪ್ರಾಣಿಯ ಕೂದಲಿನ ಮೇಲೆ ಅದರ ಅರ್ಧ ಸಿಕ್ಕರೆ ದೊಡ್ಡದು. ಇನ್ನೊಂದು, ಇಳಿಜಾರಿನ ಕೋನವನ್ನು ಲೆಕ್ಕ ಹಾಕಿ ಗುಂಡಿಗೆ ಬೇಕಾದ ಅಡ್ಡ ದೂರವನ್ನು ಅದೇ ತೋರಿಸಬೇಕು. ಗುಡ್ಡದ ಮೇಲಿಂದ ಕೆಳಕ್ಕೆ ಹೊಡೆಯುವಾಗ ಕಣ್ಣಿಗೆ ಕಾಣುವ ದೂರವೂ ಗುಂಡು ಬೀಳುವ ಲೆಕ್ಕದ ದೂರವೂ ಒಂದೇ ಅಲ್ಲ.

ಇನ್ನು ತೋಟಾ. ಇದರ ಬಗ್ಗೆ ಜಗಳವಾಡುವಷ್ಟು ಯಕ್ಷಗಾನದ ತೆಂಕು ಬಡಗಿನ ಬಗ್ಗೆಯೂ ನಮ್ಮವರು ಜಗಳವಾಡಿಲ್ಲ. ಕೊಲರಾಡೊದ ಕನಿಷ್ಠ ನಿಯಮ ಸರಳವಾಗಿದೆ: ಎಲ್ಕಿಗೆ ಗುಂಡಿನ ತೂಕ 85 ಗ್ರೇನಿಗಿಂತ ಕಡಿಮೆ ಇರಬಾರದು, ಹೊಕ್ಕ ಮೇಲೆ ಅರಳುವಂಥದ್ದಾಗಿರಬೇಕು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಅನುಭವಸ್ಥರು ಹೇಳುವುದು ಬೇರೆ. ಪ್ರಾಣಿಗೆ ತಗಲುವ ಜಾಗದಲ್ಲಿ 1,500 ಉಳಿದಿರಲಿ ಎನ್ನುತ್ತಾರೆ. ಇದು ಕಾನೂನಲ್ಲ, ಬಾಯಿಂದ ಬಾಯಿಗೆ ಬಂದ ಅಂದಾಜು, ಆದರೂ ನಾನು ಅದನ್ನೇ ಹಿಡಿದುಕೊಂಡೆ. ಹಾರ್ನಡಿ ಕಂಪನಿ 2007ರಲ್ಲಿ ತಂದ 6.5 ಕ್ರೀಡ್‌ಮೋರ್ ಎಂಬ ತೋಟಾ ಹೆಗಲಿಗೆ ಹಿತ, ಬೆಲೆ ಅಗ್ಗ, ಗುರಿ ಅದ್ಭುತ. ಆದರೆ 143 ಗ್ರೇನಿನ ಗುಂಡಿನಲ್ಲಿ ಆ 1,500ರ ಗೆರೆ ಸುಮಾರು 400 ಗಜಕ್ಕೆ ಮುಗಿದುಹೋಗುತ್ತದೆ. 1906ರ ಹಳೆಯ ಹುಲಿ 30-06 ಅದಕ್ಕಿಂತ ಸ್ವಲ್ಪ ಮುಂದೆ ಹೋಗುತ್ತದೆ, ಯಾವ ಹಳ್ಳಿಯ ಅಂಗಡಿಯಲ್ಲಾದರೂ ತೋಟಾ ಸಿಗುತ್ತದೆ. 1962ರಲ್ಲಿ ಬಂದ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ 162 ಗ್ರೇನಿನ ಗುಂಡನ್ನು 500 ಗಜ ದಾಟಿಸಿಯೂ ಆ ಗೆರೆಯ ಮೇಲೆಯೇ ಇಡುತ್ತದೆ. ನಾನು ಇದನ್ನು ಆರಿಸಿಕೊಂಡೆ. ಬೆಲೆ ಕೊಡಬೇಕಾಗಿ ಬಂದದ್ದು ಎರಡು ಕಡೆ: 20 ತೋಟಾಗಳ ಪೆಟ್ಟಿಗೆಗೆ 55 ಡಾಲರ್, ಮತ್ತು ನನ್ನ ಬಲ ಹೆಗಲು. ಈಗ ಮತ್ತೆ ಕೊಳ್ಳುವುದಾದರೆ? 30-06 ಕೊಳ್ಳುತ್ತೇನೆ. ಕಾರಣ ಮುಂದೆ ಗೊತ್ತಾಗುತ್ತದೆ.

ಬಂದೂಕು: ಟಿಕ್ಕಾ ಟಿ3ಎಕ್ಸ್ ಲೈಟ್, ಒಬ್ಬರು ಎರಡು ಹಂಗಾಮು ಬಳಸಿದ್ದು, 640 ಡಾಲರ್. ಫಿನ್ಲೆಂಡಿನ ಸಾಕೊ ಕಾರ್ಖಾನೆಯ ಮಾಲು. ತೋಟಾ ಒಳಗೆ ತಳ್ಳುವ ಬೋಲ್ಟನ್ನು 70 ಡಿಗ್ರಿ ಎತ್ತಿ ಹಿಂದಕ್ಕೆ ಎಳೆದರೆ ಎಣ್ಣೆ ಸವರಿದ ಗಾಣದ ಹಾಗೆ ಜಾರುತ್ತದೆ. 100 ಗಜದಲ್ಲಿ ಮೂರು ಗುಂಡು ಒಂದು ಅಂಗುಲದೊಳಗೆ ಬೀಳುತ್ತವೆ ಎಂದು ಕಾರ್ಖಾನೆ ಭರವಸೆ ಕೊಡುತ್ತದೆ. ನನ್ನ ಕೈಯಲ್ಲಿ ನಿಜವಾಗಿದ್ದು ಆರು ಸಲದಲ್ಲಿ ನಾಲ್ಕು ಸಲ. ಉಳಿದ ಎರಡರ ತಪ್ಪು ನನ್ನದೇ. ತೂಕ ಮೂರು ಕಿಲೋ, ಗುರಿ ನೋಡುವ ದುರ್ಬೀನು ಕೂರಿಸಿದರೆ ನಾಲ್ಕರ ಹತ್ತಿರ. 10,000 ಅಡಿ ಎತ್ತರದಲ್ಲಿ ಉಸಿರು ಕಟ್ಟುತ್ತಿರುವಾಗ ಈ ಹಗುರು ದೇವರ ವರ, ಹೊಡೆಯುವ ಕ್ಷಣದಲ್ಲಿ ಅದೇ ಶಾಪ. ಬಂದೂಕು ಹಗುರಾದಷ್ಟೂ ಒದೆತ ಹೆಚ್ಚು, ಇದಕ್ಕೆ ಯಾವ ಕಾರ್ಖಾನೆಯೂ ಏನೂ ಮಾಡಲಾಗದು.

ಬಿಡಿಭಾಗ ತಂದು ತಾನೇ ಜೋಡಿಸಿದರೆ ಅಗ್ಗವಾಗದೇ ಎಂದು ಚಿಕ್ಕಪ್ಪ ಕೇಳಿದರು. ಪಂಪ್‌ಸೆಟ್ಟನ್ನು ಬಿಚ್ಚಿ ಕಟ್ಟಿ ಮೂವತ್ತು ವರ್ಷ ಓಡಿಸಿದವರು ಕೇಳುವ ಪ್ರಶ್ನೆಯೇ. ಆಗುವುದಿಲ್ಲ. 1958ರಲ್ಲಿ ರೂಪುಗೊಂಡ ಸಾವೇಜ್ 110 ಬಂದೂಕಿನಲ್ಲಿ ನಳಿಗೆಯನ್ನು ಒಂದು ದೊಡ್ಡ ನಟ್ ಹಿಡಿದಿರುತ್ತದೆ, ಸರಿಯಾದ ಸ್ಪ್ಯಾನರ್ ಮತ್ತು ಅಳತೆಯ ಗೇಜ್ ಇದ್ದವರು ಮನೆಯಲ್ಲೇ ನಳಿಗೆ ಬದಲಿಸುತ್ತಾರೆ. ನಳಿಗೆ ಸವೆದವರಿಗೆ ಅದು ಒಳ್ಳೆಯ ದಾರಿ. ಮೊದಲ ಬಂದೂಕನ್ನೇ ಹಾಗೆ ಕಟ್ಟಲು ಹೊರಟ ನನ್ನ ಸ್ನೇಹಿತ ಆ ಭಾಗ ಈ ಭಾಗ ಎಂದು ನನ್ನ ಎರಡರಷ್ಟು ಸುರಿದ, ಗುರಿ ಮಾತ್ರ ನನ್ನಷ್ಟೇ. ಖುಷಿ ಹೆಚ್ಚು ಪಟ್ಟ, ಅದನ್ನು ಒಪ್ಪುತ್ತೇನೆ.

ಕೊಳ್ಳುವ ವಿಧಾನದ ಬಗ್ಗೆ ಎರಡು ಮಾತು ಸಾಕು. ಅಂಗಡಿಯಲ್ಲಿ ಅರ್ಜಿ ತುಂಬಿ ಹಿನ್ನೆಲೆ ತಪಾಸಣೆ ಆಗಬೇಕು, 2023ರ ಅಕ್ಟೋಬರಿನಿಂದ ಕೊಲರಾಡೊದಲ್ಲಿ ಮೂರು ದಿನ ಕಾಯಲೂ ಬೇಕು. ಬೇಟೆಗೆ ಪ್ರತ್ಯೇಕ ತರಬೇತಿ ಮುಗಿಸಿದ ಚೀಟಿ ಬೇಕು, ಮೈಮೇಲೆ 500 ಚದರ ಅಂಗುಲ ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಮತ್ತು ಅದೇ ಬಣ್ಣದ ಟೋಪಿ ಇರಬೇಕು. ಆ ವೇಷದ ಚಿತ್ರ ನೋಡಿ ಚಿಕ್ಕಮ್ಮ, "ಇದನ್ನು ಹಾಕಿಕೊಂಡವನಿಗೆ ಯಾವ ಪ್ರಾಣಿ ಸಿಕ್ಕೀತು?" ಎಂದರು. ಎಲ್ಕಿಗೆ ಆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ, ಇನ್ನೊಬ್ಬ ಬೇಟೆಗಾರನಿಗೆ ಕಾಣುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳುವಿನಲ್ಲಿ ಹಂದಿಗೆಂದು ಹಾರಿಸಿದ ಈಡು ಮನುಷ್ಯರಿಗೆ ತಾಗಿದ ಕಥೆ ಯಾವ ಊರಲ್ಲಿ ಇಲ್ಲ?

ಈಗ ನನ್ನ ಮೂರ್ಖತನದ ಅಧ್ಯಾಯ. ಬಂದೂಕಿಗೆ ಮೊದಲು ಕೂರಿಸಿದ್ದು 160 ಡಾಲರಿನ ಒಂದು ದುರ್ಬೀನು. ಹೆಸರು ಹೇಳುವುದಿಲ್ಲ, ಹೇಳಿದರೂ ಅದೇ ಮಾಲು ಮುಂದಿನ ವರ್ಷ ಬೇರೆ ಹೆಸರಿನಲ್ಲಿ ಬರುತ್ತದೆ. ಹಗಲಲ್ಲಿ ಗಾಜು ಫಳಫಳ, ಗುರಿ ಸರಿಸುವ ತಿರುಪುಗಳು ಟಿಕ್ ಟಿಕ್ ಎಂದು ಚೆಂದವಾಗಿ ತಿರುಗುತ್ತಿದ್ದವು. ಶೂಟಿಂಗ್ ಮೈದಾನದ ಹಿರಿಯರೊಬ್ಬರು ಒಂದು ಪರೀಕ್ಷೆ ಹೇಳಿಕೊಟ್ಟರು. ಒಂದೇ ಚುಕ್ಕಿಗೆ ಗುರಿಯಿಟ್ಟು ಒಂದು ಗುಂಡು ಹೊಡೆಯಿರಿ. 20 ಟಿಕ್ ಬಲಕ್ಕೆ ತಿರುಗಿಸಿ ಅದೇ ಚುಕ್ಕಿಗೆ ಇನ್ನೊಂದು. 20 ಮೇಲಕ್ಕೆ, ಒಂದು. 20 ಎಡಕ್ಕೆ, ಒಂದು. 20 ಕೆಳಕ್ಕೆ, ಒಂದು. ಕಾಗದದ ಮೇಲೆ ಚೌಕ ಮೂಡಬೇಕು, ಐದನೆಯ ಗುಂಡು ಮೊದಲನೆಯದರ ಪಕ್ಕದಲ್ಲೇ ಬೀಳಬೇಕು. ನನ್ನದು ಕೆಸುವಿನ ಎಲೆಯ ಆಕಾರಕ್ಕೆ ಬಂತು, ಐದನೆಯದು ಮೂರು ಅಂಗುಲ ಆಚೆ. ಹಿಂದಿರುಗಿಸಲು ಹೋದರೆ ಮಾರಿದವರು ಬಂದೂಕೇ ಸರಿಯಿಲ್ಲ ಎಂದರು. ಈ 160 ಡಾಲರ್ 1,740ರಲ್ಲಿ ಸೇರಿಲ್ಲ, ಚಿಕ್ಕಪ್ಪನಿಗೂ ಹೇಳಿಲ್ಲ.

ಎರಡನೆಯದು ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಟ್ಯಾಕ್ಟಿಕಲ್, 4ರಿಂದ 16 ಪಟ್ಟು ಹಿಗ್ಗಿಸುವಂಥದ್ದು, 490 ಡಾಲರ್. ಅದನ್ನು ಹಿಡಿಯುವ ಬಳೆ ಮತ್ತು ಅಡಿಪಟ್ಟಿಗೆ 70. ಚೌಕ ಚೌಕವಾಗಿಯೇ ಬಂತು. ಸುಮಾರು 650 ಗ್ರಾಂ ಭಾರವಿದೆ, ಒಳಗೆ ಬೆಳಗುವ ಚುಕ್ಕಿಯಿಲ್ಲ. ಮುಸ್ಸಂಜೆಯ ಕೊನೆಯ ಹತ್ತು ನಿಮಿಷ ದುಬಾರಿ ಗಾಜಿನವರು ನೋಡುತ್ತಿರುವಾಗ ನಾನು ಚೀಲ ಕಟ್ಟುತ್ತಿರುತ್ತೇನೆ. ಅದಕ್ಕೆ ಬೇಸರವಿಲ್ಲ. ತಿರುಪು ತಿರುಗಿಸಿದಷ್ಟೇ ಗುಂಡು ಸರಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಮರಳಿ ಬರುತ್ತದೆ, ದೂರದ ಗುರಿಗೆ ಇದಕ್ಕಿಂತ ದೊಡ್ಡ ಗುಣವಿಲ್ಲ. ಏಕೆಂದರೆ 200 ಗಜಕ್ಕೆ ಗುರಿ ಹೊಂದಿಸಿದ ನನ್ನ ಗುಂಡು 400 ಗಜದಲ್ಲಿ ಸುಮಾರು ಒಂದೂವರೆ ಅಡಿ ಕೆಳಗೆ ಬೀಳುತ್ತದೆ, 500ರಲ್ಲಿ ಹೆಚ್ಚುಕಡಿಮೆ ಮೂರು ಅಡಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ 500 ಗಜದಲ್ಲಿ ಅದನ್ನು ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ಬೀಳುವುದನ್ನು ಲೆಕ್ಕ ಹಾಕಬಹುದು. ಗಾಳಿಯನ್ನು ಲೆಕ್ಕ ಹಾಕುವವನು ನಾನಲ್ಲ. ಕಣಿವೆಯ ಈ ದಡದಲ್ಲಿ ಒಂದು ಗಾಳಿ, ನಡುವೆ ಇನ್ನೊಂದು, ಎಲ್ಕ್ ನಿಂತ ಕಡೆ ಮತ್ತೊಂದು.

"ಒದೆಯುತ್ತದೆಯೋ?" ಎಂದು ಚಿಕ್ಕಪ್ಪ ಕೇಳಿದರು. ಒದೆಯುತ್ತದೆ. 12 ಬೋರಿನಷ್ಟೇ ಎಂದಾಗ, ಅದೇನು ಮಹಾ ಎಂಬಂತೆ ಮುಖ ಮಾಡಿದರು. ಆದರೆ ತೋಟದಲ್ಲಿ ವರ್ಷಕ್ಕೆ ನಾಲ್ಕು ಈಡು ಹಾರಿಸುವುದಕ್ಕೂ ಒಂದೇ ಬೆಳಿಗ್ಗೆ ಮೂವತ್ತು ಹೊಡೆಯುವುದಕ್ಕೂ ವ್ಯತ್ಯಾಸವಿದೆ. ಹತ್ತನೆಯ ಗುಂಡಿನ ಹೊತ್ತಿಗೆ ಮೈ ತಾನಾಗಿಯೇ ಹೆದರಲು ಕಲಿತುಬಿಡುತ್ತದೆ. ಸ್ನೇಹಿತನೊಬ್ಬ ನನಗೆ ತಿಳಿಯದಂತೆ ಮ್ಯಾಗಜೀನಿನಲ್ಲಿ ಮದ್ದಿಲ್ಲದ ಹುಸಿ ತೋಟಾ ಒಂದನ್ನು ಸೇರಿಸಿದ. ಟ್ರಿಗರ್ ಒತ್ತಿದೆ, ಶಬ್ದವಿಲ್ಲ, ಆದರೂ ನಳಿಗೆಯ ತುದಿ ತೂಕಡಿಸುವವನ ತಲೆಯಂತೆ ಕೆಳಕ್ಕೆ ಬಾಗಿತು. ನಾಚಿಕೆಯಾಯಿತು. ಅಂದಿನಿಂದ ದುಬಾರಿ ತೋಟಾ ಬಿಟ್ಟು, ಎರವಲು ತಂದ, ಸಣ್ಣ ತೋಟಾದ .22 ಬಂದೂಕೊಂದರಲ್ಲಿ ಬೇಸಿಗೆಯಿಡೀ ಕುಳಿತು, ಮೊಣಕಾಲೂರಿ, ಊರುಗೋಲಿನ ಮೇಲೆ ಇಟ್ಟು ಹೊಡೆದೆ. ಆ ಮೂರು ಕಾಲಿನ ಊರುಗೋಲಿಗೆ 60 ಡಾಲರ್. ದೊಡ್ಡ ತೋಟಾ ನಾಲ್ಕು ಪೆಟ್ಟಿಗೆ, 220 ಡಾಲರ್. ಎಲ್ಲ ಕೂಡಿದರೆ ನಿಮ್ಮ 1,740.

ಗುರಿಗೆ ಹತ್ತು ಅಂಗುಲದ ಊಟದ ಕಾಗದದ ತಟ್ಟೆ. ಎಲ್ಕಿನ ಹೃದಯ, ಶ್ವಾಸಕೋಶದ ಜಾಗ ಅದಕ್ಕಿಂತ ದೊಡ್ಡದು, ನಮ್ಮ ಸಣ್ಣ ಗೆರಸೆಯಷ್ಟಾದರೂ ಇರುತ್ತದೆ. ಆದರೆ ಬೆಂಚಿನ ಮೇಲೆ ಹೊಡೆಯುವ ನಾನು ಬೇರೆ, ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕುಳಿತ ನಾನು ಬೇರೆ. ಕುಳಿತು ಹತ್ತಕ್ಕೆ ಹತ್ತು ತಟ್ಟೆಗೆ ಬೀಳುವ ದೂರವೇ ನನ್ನ ದೂರ ಎಂದು ನಿಶ್ಚಯಿಸಿದೆ. ಸೆಪ್ಟೆಂಬರಿನ ಕೊನೆಗೆ ಅದು 325 ಗಜ. ಬಂದೂಕು 500 ಹೋಗುತ್ತದೆ, ನಾನು 325. ಈ ಅಂತರ ನೋಡಿದ ಮೇಲೆಯೇ 30-06 ಸಾಕಿತ್ತು ಎನ್ನಿಸಿದ್ದು. ನನ್ನ ದೂರಕ್ಕೆ ಅದು ಧಾರಾಳ ಸಾಲುತ್ತಿತ್ತು, ಉಳಿದ ದುಡ್ಡಿನಲ್ಲಿ ಇನ್ನೆರಡು ಪೆಟ್ಟಿಗೆ ತೋಟಾ ಬರುತ್ತಿತ್ತು.

ಅಕ್ಟೋಬರಿನಲ್ಲಿ ಲಾಟರಿಯಲ್ಲಿ ಬಂದ ಹೆಣ್ಣು ಎಲ್ಕಿನ ಪರವಾನಗಿ ಹಿಡಿದು ಹೋದೆ. ಎರಡನೆಯ ದಿನ ಬೆಳಿಗ್ಗೆ ಎದುರು ಇಳಿಜಾರಿನಲ್ಲಿ ಏಳು ಎಲ್ಕ್. ಯಂತ್ರ 540 ತೋರಿಸಿತು. ದುರ್ಬೀನಿನ 16 ಪಟ್ಟಿನಲ್ಲಿ ಅವು ಹಟ್ಟಿಯಂಗಳದಲ್ಲಿ ನಿಂತ ಹಸುಗಳಷ್ಟು ಹತ್ತಿರ ಕಂಡವು. ದೂರದ ಬಂದೂಕು ಮಾಡುವ ಮೋಸ ಇದೇ. ಚಿಕ್ಕಪ್ಪ ಇಲ್ಲಿ ಅಡಿಕೆ ಕತ್ತಿ ಕೆಳಗಿಟ್ಟು, "ಹೊಡೆದೆಯಾ?" ಎಂದರು. ಇಲ್ಲ. ಬೆಳಗಿನ ತಂಪಿಗೆ ಗಾಳಿ ಇನ್ನೂ ಕಣಿವೆಯ ಕೆಳಕ್ಕೆ ಇಳಿಯುತ್ತಿತ್ತು. ಬಿಸಿಲೇರಿದರೆ ಅದೇ ಗಾಳಿ ಮೇಲಕ್ಕೆ ತಿರುಗಿ ನನ್ನ ವಾಸನೆಯನ್ನು ನೇರ ಅವುಗಳ ಮೂಗಿಗೆ ಒಯ್ಯುತ್ತದೆ. ಒಂದೂವರೆ ಗಂಟೆ ಕೈಯಲ್ಲಿತ್ತು. ತೊರೆಯ ಗುಂಟ ಬಾಗಿ, ಕೆಲವು ಕಡೆ ತೆವಳಿ ನಡೆದೆ. ಗಾಳಿ ನೋಡಲು ಬೂದಿ ಉದುರಿಸುವ ವಿದ್ಯೆ ಅಜ್ಜನದು, ನಾನು ಬೂದಿಯ ಬದಲು ಪೌಡರ್ ಡಬ್ಬಿ ಒಯ್ದಿದ್ದೆ. ಏಳರಲ್ಲಿ ಐದು ಆಗಲೇ ಮರಗಳೊಳಗೆ ಹೋಗಿದ್ದವು. ಉಳಿದ ಎರಡರಲ್ಲಿ ಒಂದು ಅಡ್ಡಲಾಗಿ ನಿಂತಿತು. 286 ಗಜ. ತಿರುಪನ್ನು ನಾಲ್ಕಾರು ಟಿಕ್ ತಿರುಗಿಸಿದೆ, ಊರುಗೋಲಿನ ಮೇಲೆ ಇಟ್ಟೆ, ಒಂದೇ ಗುಂಡು. ಮೂವತ್ತು ಹೆಜ್ಜೆ ಹೋಗಿ ಬಿದ್ದಿತು. ಮಾಂಸವನ್ನು ಮೂವರು ಎರಡು ಸಲ ಹೊತ್ತೆವು, ಮೊಣಕಾಲು ಇನ್ನೂ ನೆನಪಿಸುತ್ತದೆ.

"286 ಅಂದರೆ ಎಷ್ಟು ಮರ?" 95 ಎಂದೆ. ಒಂದು ಕ್ಷಣ ತೋಟದ ಕಡೆ ನೋಡಿದರು.

ದೂರ ಅಳೆಯುವ ಯಂತ್ರವನ್ನು ತೋರಿಸಲೆಂದೇ ತಂದಿದ್ದೆ. ಕೊಟ್ಟೆ. ಗದ್ದೆಯಾಚೆಯ ಹಲಸಿನ ಮರವನ್ನು ಮೊದಲು ಅಂದಾಜಿನಲ್ಲಿ 200 ಗಜ ಎಂದರು, ಗುಂಡಿ ಒತ್ತಿದರು, 138. ನಂಬಲಿಲ್ಲ, ಮತ್ತೆ ಒತ್ತಿದರು. ತೋಟದೊಳಗೆ ಹಿಡಿದರೆ ಎದುರಿನ ಯಾವುದಾದರೂ ಮರಕ್ಕೆ ಬಡಿದು 11, 14 ಎಂದು ಹೇಳಿ ಸುಮ್ಮನಾಯಿತು. "ನಮ್ಮಂಥ ಕಡೆ ಇದು ದಂಡ" ಎಂದು ಮರಳಿ ಕೊಟ್ಟರು.

ಮರುದಿನ ಬೆಳಿಗ್ಗೆ ಗೂಟಕ್ಕೆ ನೇತುಹಾಕಿದ್ದ ಯಂತ್ರ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ. ಕಾಫಿ ಆರುತ್ತಿದೆ ಎಂದು ಕರೆಯಲು ಹೋದೆ. ಗದ್ದೆಯ ಬದುವಿನ ಒಂದು ಗಡಿಕಲ್ಲಿನ ಮೇಲೆ ಮೇಲಿನ ಮನೆಯವರು ಬಿಳಿ ಪಂಚೆ ಹಿಡಿದು ನಿಂತಿದ್ದರು, ಇನ್ನೊಂದು ಕಲ್ಲಿನ ಬಳಿ ಚಿಕ್ಕಪ್ಪ ಒಂದು ಕಣ್ಣು ಮುಚ್ಚಿ ಗುಂಡಿ ಒತ್ತುತ್ತಿದ್ದರು. ಇಪ್ಪತ್ತು ವರ್ಷದಿಂದ ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದವರು ಆ ಕಡೆಯಿಂದ ಈ ಕಡೆಗೆ ಅಂಕಿ ಕೂಗಿಕೊಳ್ಳುತ್ತಿದ್ದರು. ನನ್ನನ್ನು ಕಂಡ ಚಿಕ್ಕಪ್ಪ, "ಇದನ್ನು ಬಿಟ್ಟು ಹೋಗು, ಅಡಿಕೆ ದುಡ್ಡಿನಲ್ಲಿ ವಜಾ ಹಾಕಿಕೊಳ್ಳೋಣ" ಎಂದರು. 260 ಡಾಲರ್ ಮತ್ತೆ ಖರ್ಚಿನ ಪಟ್ಟಿಗೆ ಸೇರಿದೆ.